ತುಂಬುವ ಸದ್ದು

ಬರ್ಕಾದಿಂದ ಹೊರಟದ್ದು ಬುಧವಾರ, ಇಶಾ ಬಾಂಗಿನ ನಂತರ.
ಫೆಲಿಕ್ಸನ ಹಳೆ ಪಜೇರೊ, ಏಸಿ ಅರೆಜೀವ,
ಹಿಂದಿನ ಸೀಟಿನಲ್ಲಿ ಸುಲೇಮಾನ್ ಶಿರೂರು, ಒಂದು ಫ್ಲಾಸ್ಕು,
ಎರಡು ಕಟ್ಟು ಕುಬೂಸು, ಮಿಡಿ ಉಪ್ಪಿನಕಾಯಿಯ ಬಾಟಲಿ.
ಹೈಮಾ ದಾಟಿದ ಮೇಲೆ ರಸ್ತೆ ಎಂದರೆ
ಯಾರೋ ಸ್ಕೇಲಿಟ್ಟು ಎಳೆದು ಮರೆತುಹೋದ ಗೆರೆ.
ಅಲ್ಲಲ್ಲಿ ಒಂಟೆ. ಒಂಟೆಯ ಕಣ್ಣಲ್ಲಿ ನಮ್ಮ ಹೆಡ್‌ಲೈಟು.

ಹದಿನಾರು ವರ್ಷದಿಂದ ನೀರಿನ ಟ್ಯಾಂಕರ್ ಓಡಿಸುತ್ತೇನೆ.
ನೀಲಿ ಬಣ್ಣದ್ದು; ಅಂದರೆ ಸಿಹಿನೀರು.
ವಿಲ್ಲಾದ ತಾರಸಿಗೆ, ಲೇಬರ್ ಕ್ಯಾಂಪಿನ ನೆಲತೊಟ್ಟಿಗೆ,
ಒಮ್ಮೆ ಒಂದು ಮದುವೆಗೆ,
ಒಮ್ಮೆ ಸತ್ತವರ ಮನೆಗೆ, ದುಡ್ಡು ತೆಗೆದುಕೊಳ್ಳದೆ.
ತೊಟ್ಟಿಯೊಳಗೆ ಇಣುಕುವವನಲ್ಲ ನಾನು. ಕಿವಿ ಸಾಕು.
ಖಾಲಿ ತೊಟ್ಟಿಗೆ ಬಿದ್ದ ನೀರು ಗುಡುಗುತ್ತದೆ,
ಅರ್ಧಕ್ಕೆ ಬಂದಾಗ ಮಾತಾಡುತ್ತದೆ,
ಕಂಠಕ್ಕೆ ಬಂದಾಗ ಸಣ್ಣಗಾಗಿ, ಸೀಟಿಯಂತೆ ಮೇಲೇರಿ...
ಆಗ ವಾಲ್ವು ತಿರುಗಿಸಬೇಕು. ತುಸು ತಡವಾದರೂ
ಗೋಡೆ ಒದ್ದೆ, ಯಜಮಾನನ ಮುಖ ಬಿಸಿ.

ಥುಮ್ರೈತ್ ಕಳೆದು ಇಳಿಜಾರು ಶುರುವಾಗುವಲ್ಲಿ
ಮೂವತ್ತೆಂಟಿದ್ದ ಅಂಕಿ ಇಪ್ಪತ್ತಾರಕ್ಕೆ ಬಂತು,
ನಾಲ್ಕೇ ತಿರುವಿನಲ್ಲಿ. ಗುಡ್ಡಕ್ಕೆ ಹಸಿರು ಹತ್ತಿಕೊಂಡಿತ್ತು,
ಬೆಂಕಿ ಹತ್ತಿದ ಹಾಗೆ.
ಫೆಲಿಕ್ಸ್ ವೈಪರ್ ಹಾಕಿದ. ರಬ್ಬರು ಒಣಗಿ ಸೀಳಿತ್ತು,
ಗಾಜಿನ ಮೇಲೆ ಕೆಸರಿನ ಎರಡು ಬೀಸಣಿಗೆ ಮೂಡಿದವು.
ಮಳೆಯಲ್ಲ ಇದು, ಕೈ ಹೊರಚಾಚಿ ಸುಲೇಮಾನ್ ಹೇಳಿದ,
ಮಳೆ ಹೀಗೆ ನಾಚುವುದಿಲ್ಲ.
ಖರೀಫ್ ಅಂತಾರೆ ಇಲ್ಲಿ.

ಹೋದ ಸಲ ಬಂದದ್ದು ಅಕ್ಟೋಬರಿನಲ್ಲಿ, ರಜೆ ಸಿಕ್ಕಾಗ.
ಜಲಪಾತವಿದ್ದ ಕಡೆ ಬಂಡೆಯ ಮೇಲೊಂದು ಬಿಳಿ ಕಲೆ,
ಬೆವರು ಆರಿದ ಅಂಗಿಯ ಬೆನ್ನಿನಂತೆ.
ಅದರ ಮುಂದೆಯೇ ನಿಂತು ಫೋಟೊ ತೆಗೆಸಿಕೊಂಡೆವು.
ಗಂಗೊಳ್ಳಿಯಿಂದ ಹೆಂಡತಿ ಕೇಳಿದಳು: ಇದೆಂಥ, ಗೋಡೆಯಾ?

ಕಾರು ನಿಂತಲ್ಲಿಂದ ಐನ್ ಖೋರ್‌ಗೆ ನಡಿಗೆ. ಹಳ್ಳ ನಾಲ್ಕು ಸಲ ದಾಟಬೇಕು.
ಜಾರುವ ಕಲ್ಲು, ಸಗಣಿ, ನೊಣ, ಮೊಣಕಾಲುದ್ದ ಹುಲ್ಲು.
ಚಪ್ಪಲಿಯನ್ನು ಕೆಸರು ಎರಡು ಸಲ ಕೇಳಿತು, ಮೂರನೆಯ ಸಲ ಕೊಟ್ಟೆ.
ದನ ಮೇಯಿಸುತ್ತ ಮುಸಲ್ಲಮ್ ಎಂಬವ ಸಿಕ್ಕ, ಹೆಗಲ ಹಿಂದೆ ಅಡ್ಡ ಕೋಲು,
ಹಸುಗಳಿಗೆ ಜಿಬ್ಬಾಲಿಯಲ್ಲಿ ಏನೋ ಬುದ್ಧಿ ಹೇಳುತ್ತಿದ್ದ.
ನಮ್ಮ ಅರಬ್ಬಿ ಕೇಳಿ ನಕ್ಕ;
ಅದು ಬಿಲ್ಲು, ಬಾಕಿ, ನಾಳೆ ಬಾ ಎನ್ನುವಷ್ಟರದು.
ನೀರಿದೆಯಾ ಎಂದೆ. ಮೇಲೆ ತೋರಿಸಿದ.
ಮೇಲೆ ಏನೂ ಇರಲಿಲ್ಲ. ಮಂಜು.
"ಇದೆ," ಅಂದ. "ಎರಡು ವರ್ಷ ಸರಿಯಾಗಿ ಇರಲಿಲ್ಲ. ಇವತ್ತು ಇದೆ.
ನಾಳೆಯದು ನನಗೆ ಗೊತ್ತಿಲ್ಲ."

ಕೊನೆಯ ತಿರುವಿನಲ್ಲಿ ಮೊದಲು ಸದ್ದು ಬಂತು.
ಆಮೇಲೂ ಸದ್ದೇ ಬಂತು.
ಬಂಡೆಯ ಮೇಲೆ ಕೂತೆವು. ಮುಖಕ್ಕೆ ತುಂತುರು,
ಕಣ್ಣಿಗೆ ಬರೀ ಬಿಳಿ. ಒಂದು ಗಂಟೆ. ಚಹಾ ಮುಗಿಯಿತು.
ಫೆಲಿಕ್ಸ್ ಮೊಬೈಲು ಎತ್ತಿ ಹಿಡಿದ, ಇಳಿಸಿದ, ಮತ್ತೆ ಎತ್ತಿದ.
ಸಾವಿರ ಕಿಲೋಮೀಟರ್ ಬಂದದ್ದು ಇದಕ್ಕಾ,
ಕೊಂಕಣಿಯಲ್ಲಿ ಯಾರನ್ನೋ ಬೈದ.

ನಾನು ಕಣ್ಣು ಮುಚ್ಚಿದೆ; ಮುಚ್ಚಿದರೂ ಅಷ್ಟೇ, ತೆರೆದರೂ ಅಷ್ಟೇ.
ಹೇಳದೆ ಕೇಳದೆ ಕಿವಿ ತನ್ನ ಕೆಲಸಕ್ಕೆ ಕೂತಿತು.
ಖಾಲಿಯ ಗುಡುಗಲ್ಲ ಇದು. ಅರ್ಧ ಎನ್ನೋಣವೆಂದರೆ ಅರ್ಧವೂ ಅಲ್ಲ.
ಈಗ ಸಣ್ಣಗಾಗುತ್ತದೆ, ಈಗ ಮೇಲೇರುತ್ತದೆ,
ಈಗ,
ಏರಲಿಲ್ಲ.
ಅದೇ ಸದ್ದು, ಅದೇ ಸದ್ದು, ತಳವಿಲ್ಲದ ಯಾವುದೋ ತೊಟ್ಟಿಗೆ,
ಯಾರೂ ಫೋನು ಮಾಡಿ ತರಿಸದ ನೀರು.

ಎಷ್ಟೋ ಹೊತ್ತಿನ ಮೇಲೆ ಸುಲೇಮಾನ್ ಭುಜ ಮುಟ್ಟಿದ:
ಕೈಯೇಕೆ ಹೀಗೆ ಹಿಡಿದಿದ್ದೀ?
ನೋಡಿದೆ. ಬಲಮುಷ್ಟಿ ಗಾಳಿಯಲ್ಲಿ ಅರ್ಧ ತಿರುಗಿ ನಿಂತಿತ್ತು,
ಬೆರಳು ಬಿಡಿಸಲು ಎಡಗೈ ಬೇಕಾಯಿತು.

ಇಳಿಯುವಾಗ ಹಳ್ಳದಲ್ಲಿ ಚಪ್ಪಲಿ ಸಿಕ್ಕಿತು.
ಎಡಗಾಲಿನದು, ಯಾರದೋ.
ನಾನು ಕಳೆದದ್ದು ಬಲಗಾಲಿನದು.
ತೊಳೆದು ಕಲ್ಲಿನ ಮೇಲಿಟ್ಟು ಬಂದೆ.